ಎಲೆ ಉದುರಿದ ಕಾಡಿನ ಹಸಿರು ನಕ್ಷೆ

ಆ ನಕ್ಷೆಯನ್ನು ಗೋಡೆಯಿಂದ ಇಳಿಸಿ. ಕೆಲಸಕ್ಕೆ ಹೊಸದಾಗಿ ಸೇರಿರುವ ನಿಮಗೆ ನಾನು ಹೇಳಬೇಕೆಂದಿದ್ದ ಮೊದಲ ಮಾತು ಇದು.

ಮೈಸೂರಿನ ಲಕ್ಷ್ಮೀಪುರಂನಲ್ಲಿರುವ ನಮ್ಮ ಹಳೆಯ ಕಚೇರಿಗೆ ಈಚೆಗೆ ನನ್ನನ್ನು ಕರೆದಿದ್ದರು. ಹೊಸಬರ ಜೊತೆ ಅನುಭವ ಹಂಚಿಕೊಳ್ಳಿ ಎಂದಿದ್ದರು. ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲೇ ಅದು, ಗಾಜಿನ ಚೌಕಟ್ಟಿನೊಳಗೆ. ಕಾಡಿನ ಅಂಚು, ಆನೆ ಕಂದಕ, ಹಳ್ಳಿ, ಉದ್ದಕ್ಕೂ ಹಸಿರು ಚುಕ್ಕಿಗಳು. ಕೆಳಗೆ ಸಮೀಕ್ಷಕಿ ಎಂದು ನನ್ನ ಹೆಸರು. ಹೆಸರಿನ ಕೆಳಗೆ ನಾನು ಬರೆದಿದ್ದ ಒಂದು ಸಾಲು, ‘ಎಲೆ ಉದುರಿದ ಕಾಲಕ್ಕೆ ಮಾತ್ರ ಅನ್ವಯ’ ಎಂಬುದು, ಚೌಕಟ್ಟಿನ ಅಳತೆಗೆ ಕತ್ತರಿಸಿ ಹೋಗಿತ್ತು. ನಾನು ಅದರ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಶಾಲು ಬಂತು, ಬಾದಾಮಿ ಹಾಲು ಬಂತು, ಫೋಟೊ ತೆಗೆದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮಾತು ಹಾಲಿನ ಲೋಟದಲ್ಲೇ ಉಳಿಯಿತು.

ನಾನು ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದು ನಿಮಗೆ ಬೇಡ, ನನಗೂ ಬೇಡ. ಆದರೆ ಒಂದು ಎಚ್ಚರಿಕೆ ಕೊಡಬೇಕು. ನೆನಪನ್ನು ನಾನು ನಂಬುವವಳಲ್ಲ. ಅದು ನನ್ನನ್ನು ಯಾವಾಗಲೂ ಇದ್ದದ್ದಕ್ಕಿಂತ ಧೈರ್ಯವಂತೆಯಾಗಿ ತೋರಿಸುತ್ತದೆ, ಎದುರಿಗಿದ್ದವರ ಬಾಯಿಗೆ ಪೆದ್ದು ಮಾತು ಹಾಕುತ್ತದೆ. ಅದಕ್ಕೇ ಇಲ್ಲಿ ಬರೆದದ್ದನ್ನೆಲ್ಲ ನಜೀರ್ ಅವರಿಗೆ ಓದಿ ಹೇಳಿದೆ. ನಜೀರ್ ಲಷ್ಕರ್ ಮೊಹಲ್ಲಾದವರು, ರೇಡಿಯೊ ರಿಪೇರಿ ಅಂಗಡಿಯಿಂದ ನಮ್ಮಲ್ಲಿಗೆ ಬಂದ ಆಂಟೆನಾ ತಂತ್ರಜ್ಞರು, ನಾನು ನಡೆದ ಕಾಡನ್ನೆಲ್ಲ ನನ್ನ ಜೊತೆ ನಡೆದವರು. ಅವರು ಒಪ್ಪದ ಕಡೆ ಅವರ ಮಾತನ್ನೂ ಬರೆದಿದ್ದೇನೆ. ಇಬ್ಬರಿಗೂ ನೆನಪಿಲ್ಲದ ಕಡೆ ಖಾಲಿ ಬಿಟ್ಟಿದ್ದೇನೆ. ಖಾಲಿ ಇರುವ ಕಡೆ ಏನೂ ನಡೆಯಲಿಲ್ಲ ಎಂದು ಮಾತ್ರ ಓದಬೇಡಿ. ನನ್ನ ಜಗಳವೆಲ್ಲ ಅದರ ಬಗ್ಗೆಯೇ.

ಕೆಲಸ ಹೀಗೆ. ಕಾಡಂಚಿನ ಮರಗಳ ಬುಡಕ್ಕೆ ಸೆನ್ಸರ್ ಪೆಟ್ಟಿಗೆ ಕಟ್ಟುತ್ತಾರೆ. ಆನೆ ನಡೆದರೆ ನೆಲ ಅದುರುತ್ತದೆ, ಪೆಟ್ಟಿಗೆ ಆ ಅದುರನ್ನು ಹಿಡಿಯುತ್ತದೆ. ಹಿಡಿದದ್ದನ್ನು ತಂತಿಯಿಲ್ಲದೆ ಮುಂದಿನ ಮರದ ಪೆಟ್ಟಿಗೆಗೆ ಹೇಳುತ್ತದೆ, ಅದು ಅದರ ಮುಂದಿನದಕ್ಕೆ. ಕೊನೆಯದು ಹಳ್ಳಿಯ ಕಂಬದ ಮೇಲೆ ಕೆಂಪು ದೀಪ ಹೊತ್ತಿಸುತ್ತದೆ, ಮೈಸೂರಿನ ನಮ್ಮ ಪರದೆಗೂ ಸುದ್ದಿ ಕಳಿಸುತ್ತದೆ. ಒಂದು ಪೆಟ್ಟಿಗೆಯ ಮಾತು ಇನ್ನೊಂದಕ್ಕೆ ಎಷ್ಟು ದೂರ ಕೇಳುತ್ತದೆ ಎಂದು ಮೊದಲೇ ನಡೆದು ನೋಡುವುದು ಸಮೀಕ್ಷೆ. ನಜೀರ್ ಒಂದು ಮರದ ಬಳಿ ಪ್ರಸಾರಕ ಹಿಡಿದು ಕೂರುತ್ತಿದ್ದರು. ನಾನು ಗ್ರಾಹಕ ಹಿಡಿದು ಲಂಟಾನದ ಪೊದೆ ಸೀಳಿಕೊಂಡು ದೂರ ದೂರ ಹೋಗುತ್ತಿದ್ದೆ. ಚೆನ್ನಾಗಿ ಕೇಳಿದ ಕಡೆ ಹಸಿರು ಚುಕ್ಕಿ, ಕ್ಷೀಣವಾದ ಕಡೆ ಹಳದಿ, ಸತ್ತ ಕಡೆ ಕೆಂಪು. ಮೊದಲು ಇದನ್ನು ಮಿಲಿಮೀಟರ್ ಕಾಗದದ ಮೇಲೆ ಬಣ್ಣದ ಪೆನ್ಸಿಲಿನಿಂದ ಗುರುತಿಸುತ್ತಿದ್ದೆವು. ಈಗ ಫೋನೇ ಚುಕ್ಕಿ ಇಡುತ್ತದೆ. ಆಗಲೂ ಈಗಲೂ ಮನೆಗೆ ಬಂದ ಮೇಲೆ ಉಣ್ಣೆ ಹುಳ ಕಿತ್ತುಕೊಳ್ಳುವುದು ನಾವೇ.

ಒಮ್ಮೆ ಹೊಸ ಇಂಜಿನಿಯರೊಬ್ಬರು ಗ್ರಾಹಕವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದರು. ಹೋಗುವಾಗ ಚುಕ್ಕಿಯೆಲ್ಲ ಹಸಿರು, ಅದೇ ದಾರಿಯಲ್ಲಿ ಬರುವಾಗ ಎಲ್ಲ ಕೆಂಪು. ಕಾಡಿನ ಮಣ್ಣಿನಲ್ಲಿ ಅದಿರಿದೆ ಎಂದು ದೊಡ್ಡ ಟಿಪ್ಪಣಿ ಬರೆಯಲು ಕೂತರು. ನಜೀರ್ ಹೇಳಿದರು, “ಅದಿರಲ್ಲ ಸಾರ್, ಉದರ. ಬರೋವಾಗ ಮಧ್ಯದಲ್ಲಿ ನಿಮ್ಮ ಹೊಟ್ಟೆ ಇತ್ತು.” ಮನುಷ್ಯನ ಮೈ ಎಂದರೆ ನೀರಿನ ಚೀಲ. ನಾವು ಬಳಸುವ ರೇಡಿಯೊ ಅಲೆಯನ್ನು ನೀರು ನುಂಗುತ್ತದೆ. ಈ ನೀರಿನ ವಿಷಯ ಮರೆಯಬೇಡಿ.

ಇನ್ನೊಂದು ಕೆಟ್ಟ ಚಾಳಿ ನಮ್ಮಲ್ಲಿತ್ತು. ಅದಕ್ಕೆ ‘ಕೈ ಎತ್ತುವುದು’ ಎಂದೇ ಹೆಸರು. ಚುಕ್ಕಿ ಹಳದಿ ಬಂದರೆ ಗ್ರಾಹಕವನ್ನು ತಲೆಯ ಮೇಲೆ ಎತ್ತಿ ಹಿಡಿಯುವುದು, ಹಸಿರಾದ ತಕ್ಷಣ ಗುಂಡಿ ಒತ್ತುವುದು. ಪೆಟ್ಟಿಗೆ ಕಟ್ಟುವುದು ಮರದ ಬುಡಕ್ಕೆ. ತಲೆಯ ಮೇಲೆ ಬಂದ ಹಸಿರಿನಿಂದ ಬುಡಕ್ಕೇನು? “ಪೆಟ್ಟಿಗೆ ಜೊತೆ ಒಂದು ಕೈನೂ ಕಡಿದು ಮರಕ್ಕೆ ಕಟ್ಟೋಣ್ವಾ ಮೇಡಂ?” ಎಂದು ನಜೀರ್ ಕೇಳುತ್ತಿದ್ದರು. ನಾವಿಬ್ಬರೂ ನಡೆದ ಕಡೆ ಯಾರೂ ಕೈ ಎತ್ತಲಿಲ್ಲ. ಗೋಡೆಯ ಮೇಲಿರುವ ಆ ನಕ್ಷೆಯ ಒಂದೊಂದು ಹಸಿರು ಚುಕ್ಕಿಯೂ ಬಗ್ಗಿ ಕೂತು ತೆಗೆದದ್ದು, ಸಾಚಾ ಚುಕ್ಕಿ. ನನ್ನ ಸಿಟ್ಟಿಗೆ ಕಾರಣ ಅದೇ. ಸುಳ್ಳು ನಕ್ಷೆಯಾಗಿದ್ದರೆ ಹರಿದು ಹಾಕಬಹುದಿತ್ತು.

ಆ ಕಾಡು ಮೈಸೂರಿನಿಂದ ಬೆಳಿಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ಸಿಗುತ್ತದೆ. ತೇಗ, ಮತ್ತಿ, ದಿಂಡಿಗದ ಮರಗಳು. ನಾವು ಹೋದದ್ದು ಮಾರ್ಚಿನಲ್ಲಿ. ನಮ್ಮ ಕಚೇರಿ ಯಾವ ಕಾಡಿಗೂ ಬೇರೆ ತಿಂಗಳಲ್ಲಿ ಹೋದದ್ದನ್ನು ನಾನು ಕಾಣೆ. ಅನುದಾನ ಬರುವುದು ತಡ, ಅದು ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕು. ಹೀಗಾಗಿ ನಮ್ಮ ಕಪಾಟಿನಲ್ಲಿದ್ದ ಕಾಡುಗಳೆಲ್ಲ ಬೋಳು ಕಾಡುಗಳೇ. ಜೂನ್, ಜುಲೈ, ಆಗಸ್ಟಿನಲ್ಲಿ ಕಾಡು ಎಂಬುದು ಇರುತ್ತದೆ ಎಂದು ನಮ್ಮ ಕಚೇರಿಗೆ ಗೊತ್ತೇ ಇರಲಿಲ್ಲ.

ಮಾರ್ಚಿನಲ್ಲಿ ತೇಗದ ಮರ ಎಂದರೆ ನೆಟ್ಟ ಕೋಲು. ಅಲೆ ಸಲೀಸಾಗಿ ಹೋಗುತ್ತದೆ. ಮಳೆ ಬಿದ್ದ ಮೇಲೆ ಅದೇ ತೇಗಕ್ಕೆ ಊಟದ ಎಲೆಯಷ್ಟು ಅಗಲದ ಎಲೆಗಳು, ಒಂದೊಂದರ ಮೇಲೂ ನೀರು. ನೆಲದಿಂದ ಲಂಟಾನ ಎದ್ದು ನಿಲ್ಲುತ್ತದೆ. ಪೆಟ್ಟಿಗೆಗಳ ನಡುವೆ ನೀರಿನ ಚೀಲಗಳ ಸಂತೆ. ಕಾಡು ಹಸಿರಾದಾಗ ನಕ್ಷೆ ಕೆಂಪಾಗಬೇಕು. ಆನೆ ಹೊಲಕ್ಕೆ ಇಳಿಯುವುದು ಆ ಕಾಲದಲ್ಲೇ, ಮುಸುಕಿನ ಜೋಳ ಹಾಲುಗಟ್ಟಿದಾಗ.

ದೊಡ್ಡತಾಯಮ್ಮ ನಮಗೆ ಸಿಕ್ಕಿದ್ದು ಆ ಮಾರ್ಚಿನಲ್ಲೇ. ಆಕೆ ದಿನಾ ಮುಂಜಾನೆ ಹಾಲಿನ ಕ್ಯಾನು ಹೊತ್ತು ಕಂದಕದ ಪಕ್ಕದ ಕಾಲುದಾರಿಯಲ್ಲಿ ಡೈರಿಗೆ ಹೋಗುವ ಹೆಂಗಸು. ನಾನು ಪೊದೆಯೊಳಗೆ ಬಗ್ಗಿ ಕೂತಿದ್ದನ್ನು ಕಂಡು ನಿಂತಳು.

“ಏನವ್ವ, ಪೆಟ್ಗೆ ಇಟ್ಕಂಡು ತಪ್ಪಿಸ್ಕಂಡ ಎಮ್ಮೆ ಉಡುಕ್ತಿದ್ದೀಯಾ?”

“ಆನೆ ಬಂದ್ರೆ ನಿಮಗೆ ಮೊದಲೇ ಗೊತ್ತಾಗೋ ಹಾಗೆ ದೀಪ ಹಾಕ್ತೀವಿ.”

“ದೀಪ ಯಾಕೆ? ನನಗೆ ಅಟ್ಟಣೆಯವ್ರು ಅವ್ರಲ್ಲಾ.”

ಅಟ್ಟಣೆಯವರೆಂದರೆ ಕಂದಕದ ತಿರುವಿನಲ್ಲಿ ಮರದ ಅಟ್ಟಣೆ ಮೇಲೆ ಕೂತು ತಗಡು ಬಡಿಯುವ ಇಬ್ಬರು ಕಾವಲುಗಾರರು. ಆಕೆ ತಿರುವಿಗೆ ಮುಂಚೆ ನಿಂತು “ಊ...” ಎಂದು ಕೂಗುತ್ತಿದ್ದಳು. ಮೇಲಿನಿಂದ “ಬಾ...” ಎಂದು ಓಗೊಟ್ಟರೆ ಹೋಗುತ್ತಿದ್ದಳು. ಓಗೊಡದಿದ್ದರೆ ಅಲ್ಲೇ ಕ್ಯಾನು ಇಳಿಸಿ ಕೂರುತ್ತಿದ್ದಳು. ಅವರು ನಿದ್ದೆ ಹೋಗಿರಬಹುದು, ಇಳಿದು ಚಾ ಕುಡಿಯಲು ಹೋಗಿರಬಹುದು, ಆನೆಯೂ ಇರಬಹುದು. ಆ ಊರಿನ ಎಲ್ಲರೂ ಹೀಗೇ ಮಾಡುತ್ತಿದ್ದರು. ಹಾಲು ಹುಳಿಯಾಯಿತು ಎಂದು ಡೈರಿಯವರ ಹತ್ತಿರ ಬೈಸಿಕೊಳ್ಳುತ್ತಿದ್ದರು, ಕಾವಲುಗಾರರನ್ನು ತಾವು ಬೈಯುತ್ತಿದ್ದರು, ಆದರೂ ಓಗೊಡದೆ ತಿರುವು ದಾಟುತ್ತಿರಲಿಲ್ಲ.

ನಮ್ಮ ಯೋಜನೆಯ ದೀಪ ಇದಕ್ಕೆ ತದ್ವಿರುದ್ಧ. ಆನೆ ಇದ್ದರೆ ಕೆಂಪು, ಇಲ್ಲದಿದ್ದರೆ ಕತ್ತಲೆ. ಕಾಡಿನ ಸುದ್ದಿ ತಲುಪದೇ ಹೋದರೂ ಕತ್ತಲೆಯೇ. ದೀಪ ಬಂದ ದಿನ ಅಟ್ಟಣೆ ತೆಗೆಯುವುದು ಎಂದು ಯೋಜನೆಯಲ್ಲೇ ಬರೆದಿತ್ತು.

ನಮ್ಮ ನಿರ್ದೇಶಕರು ಸದಾಶಿವಮೂರ್ತಿಯವರು. ಕೂಗಾಡುವ ಮನುಷ್ಯರಲ್ಲ. ಎಲ್ಲರನ್ನೂ ‘ಅವರೇ’ ಎಂದೇ ಕರೆಯುತ್ತಿದ್ದರು. ಬೇಡ ಎನ್ನಬೇಕಾದಾಗ ಇನ್ನೊಂದು ಕಾಫಿ ತರಿಸುತ್ತಿದ್ದರು. ಸಭೆಯಲ್ಲಿ ನನ್ನ ನಕ್ಷೆಯನ್ನು ಪರದೆಗೆ ಹಾಕಿ, “ಎಷ್ಟು ಹಸಿರಾಗಿದೆ ನೋಡಿ, ಕಣ್ಣಿಗೆ ಹಬ್ಬ” ಎಂದರು.

ನಾನು ಹೇಳಿದೆ, “ಸಾರ್, ಇದು ಎಲೆಯಿಲ್ಲದ ಕಾಡು. ಮಳೆಗಾಲದಲ್ಲಿ ಇನ್ನೊಂದು ಸಲ ನಡೀಬೇಕು.”

“ಕಾಡು ಎಲ್ಲಿಗೂ ಓಡಿಹೋಗಲ್ಲ ಗಿರಿಜಾ ಅವರೇ. ಮೊದಲು ಹಾಕೋಣ, ಆಮೇಲೆ ನೋಡೋಣ.”

“ಹಾಗಾದ್ರೆ ದೀಪವನ್ನಾದ್ರೂ ಉಲ್ಟಾ ಮಾಡಿ. ಕಾಡಿಂದ ಸುದ್ದಿ ಬರ್ತಾ ಇರೋವರೆಗೂ ಒಂದು ಹಸಿರು ದೀಪ ಉರೀತಾ ಇರಲಿ. ಸುದ್ದಿ ನಿಂತ್ರೆ ಅದು ಆರಲಿ. ಕತ್ತಲೆ ಅಂದ್ರೆ ‘ಗೊತ್ತಿಲ್ಲ, ಹೋಗಬೇಡ’ ಅಂತ ಆಗ್ಲಿ.”

“ದಿನಕ್ಕೆ ಹತ್ತು ಸಲ ದೀಪ ಆರಿದ್ರೆ ನಮ್ಮ ವ್ಯವಸ್ಥೆ ಕೆಟ್ಟಿದೆ ಅಂತಾರಲ್ಲ ಜನ.”

“ಕೆಟ್ಟಿದ್ದಾಗ ಕೆಟ್ಟಿದೆ ಅನ್ನಲಿ ಸಾರ್.”

ಓದುತ್ತಿದ್ದಾಗ ಇಲ್ಲಿ ನಜೀರ್ ತಡೆದರು. ಆ ಕೊನೆಯ ಮಾತು ನೀವು ಸಭೆಯಲ್ಲಿ ಹೇಳಲಿಲ್ಲ ಮೇಡಂ, ಸಭೆ ಮುಗಿದ ಮೇಲೆ ಜೀಪಿನಲ್ಲಿ ನನಗೆ ಹೇಳಿದ್ದು ಎಂದರು. ನನಗೆ ಮಾತ್ರ ಸಭೆಯ ಮೇಜು, ಕಾಫಿ ಲೋಟದ ಉಂಗುರದ ಕಲೆ ಸಮೇತ ಕಣ್ಣಿಗೆ ಕಟ್ಟಿದೆ. ಇಬ್ಬರಲ್ಲಿ ಯಾರು ಸರಿ ಎಂದು ಹೇಳಲಾರೆ. ಎರಡನೆಯ ಕಾಫಿ ಬಂತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಉದ್ಘಾಟನೆ ಮುಂದಿನ ಮಾರ್ಚಿನಲ್ಲಿ. ಮತ್ತೆ ಬೋಳು ಕಾಡು. ಸಾಕಾನೆಯೊಂದನ್ನು ನಡೆಸಿದರು, ದೀಪ ಜಗ್ಗನೆ ಹೊತ್ತಿತು, ಊರೇ ಚಪ್ಪಾಳೆ ತಟ್ಟಿತು. ಮಧ್ಯಾಹ್ನ ಅಟ್ಟಣೆಯ ಹಲಗೆಗಳನ್ನು ಬಿಚ್ಚಿ ಟ್ರಾಕ್ಟರಿಗೆ ಹಾಕಿದರು. ದೊಡ್ಡತಾಯಮ್ಮ ದೀಪವನ್ನು ತಲೆಯೆತ್ತಿ ನೋಡಿ, “ಇದನ್ನ ಕೂಗಿದ್ರೆ ಓಗೊಡ್ತದಾ?” ಎಂದು ಕೇಳಿದಳು. ಸುತ್ತ ಇದ್ದವರು ನಕ್ಕರು. ನಾನು ಏನು ಹೇಳಿದೆ? ನೆನಪಿಲ್ಲ. ನಜೀರ್‌ಗೂ ನೆನಪಿಲ್ಲ. ಖಾಲಿ.

ಆ ಮೇ ತಿಂಗಳಲ್ಲಿ ನಾನು ನಿವೃತ್ತಳಾದೆ.

ಮಳೆಗಾಲ ಇನ್ನೂ ಹಿಡಿದಿದ್ದಾಗ ನಜೀರ್ ಫೋನ್ ಮಾಡಿದರು. “ಮೇಡಂ, ಹಾಲಿನಮ್ಮ ದೊಡ್ಡಾಸ್ಪತ್ರೆಯಲ್ಲಿದ್ದಾರೆ. ಬಂದ್ಬುಡಿ.”

ದೊಡ್ಡತಾಯಮ್ಮನ ತೊಡೆ ಮೂಳೆ ಮುರಿದಿತ್ತು. ಮುಂಜಾನೆ ಕಂಬದ ಕೆಳಗೆ ನಿಂತು ದೀಪ ನೋಡಿದ್ದಾಳೆ, ಕತ್ತಲೆ. ಹೊರಟಿದ್ದಾಳೆ. ತಿರುವಿನಲ್ಲಿ ಜೋಳದ ಹೊಲದೊಳಗಿಂದ ಆನೆ ಎದ್ದಿದೆ. ಹಿಂದಕ್ಕೆ ಓಡಿ ಕಂದಕಕ್ಕೆ ಬಿದ್ದಿದ್ದಾಳೆ. ಆನೆ ಕ್ಯಾನನ್ನು ತುಳಿಯದೆ, ಅವಳನ್ನೂ ಮುಟ್ಟದೆ, ತನ್ನ ಪಾಡಿಗೆ ಕಾಡಿಗೆ ಹೋಗಿದೆ. ಕಂಡವರು ಬೇರೆ ಯಾರೂ ಇಲ್ಲ. ಅವಳನ್ನು ಎತ್ತಿ ತರುವಷ್ಟರಲ್ಲಿ ಸುರಿದ ಮಳೆ ಹೆಜ್ಜೆಗಳನ್ನೆಲ್ಲ ತೊಳೆದಿತ್ತು.

ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದವಳು ನನ್ನನ್ನು ಕಂಡೊಡನೆ ನೋವಿನ ಮಾತು ಆಡಲಿಲ್ಲ.

“ಅವ್ವ, ಆನೆ ಇತ್ತು ಕಣವ್ವ. ನೀನಾರ ನಂಬ್ತೀಯಾ?”

“ನಂಬ್ತೀನಿ. ಯಾಕೆ, ಯಾರು ಇಲ್ಲ ಅಂದ್ರು?”

“ಮಿಷಿನ್ ಇಲ್ಲ ಅಂದದಂತೆ. ಮೈಸೂರಲ್ಲಿ ಬರ್ದದಂತೆ, ಅವತ್ತು ಆನೆ ಇರ್ನಿಲ್ಲ ಅಂತ. ಊರಲ್ಲಿ ಅಂಗೇ ಆಡ್ಕತಾವ್ರೆ. ಜಾರಿ ಬಿದ್ಬುಟ್ಟು ಆನೆ ಮ್ಯಾಲೆ ಏಳ್ತಾಳೆ ಅಂತ. ಅಷ್ಟು ವರ್ಸ ಆ ದಾರೀಲಿ ನಡ್ದಿವ್ನಿ, ಜಾರಿ ಬೀಳ್ತೀನಾ ನಾನು? ನನ್ನ ಮೂಳೆ ಕೂಡ್ಕತದೆ ಬುಡು. ಆನೆ ಇತ್ತು ಅಂತ ಬರೀಲಿ. ಅಷ್ಟೇಯ.”

ಅಲ್ಲಿಂದ ನೇರ ಲಕ್ಷ್ಮೀಪುರಂಗೆ ಹೋದೆ. ಸದಾಶಿವಮೂರ್ತಿಯವರು ಎದ್ದು ನಿಂತು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಪರದೆಯಲ್ಲಿ ಆ ಮುಂಜಾನೆಯ ದಾಖಲೆಯನ್ನು ತೆಗೆಸಿ ನೋಡಿದೆ. ಒಂದು ನೇರ ಗೆರೆ. ಆನೆ ಚಲನೆ: ಸೊನ್ನೆ. ಹಿಂದಿನ ದಿನ ಸೊನ್ನೆ. ಮಳೆ ಹಿಡಿದಾಗಿನಿಂದ ಸೊನ್ನೆಗಳ ಸಾಲು. ಆನೆಗಳ ಸೀಮೆಯಲ್ಲಿ ಇಡೀ ಮಳೆಗಾಲ ಒಂದೇ ಒಂದು ಆನೆಯೂ ನಡೆಯಲಿಲ್ಲ ಎಂದು ಬರೆದಿದ್ದರೂ ಆ ಕಟ್ಟಡದಲ್ಲಿ ಯಾರಿಗೂ ನಗು ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಯೋಜನೆಯಿಂದ ಆನೆ ಹಾವಳಿ ನಿಂತಿದೆ ಎಂದು ಒಂದು ಪ್ರಕಟಣೆಯನ್ನೂ ಕೊಟ್ಟಿದ್ದರು.

“ಭಾವನೆ ಬೇರೆ, ಡೇಟಾ ಬೇರೆ ಗಿರಿಜಾ ಅವರೇ. ಡೇಟಾ ಏನು ಹೇಳುತ್ತೆ ನೋಡಿ.”

“ಡೇಟಾ ಏನೂ ಹೇಳ್ತಾ ಇಲ್ಲ ಸಾರ್. ಅದು ಬಂದೇ ಇಲ್ಲ. ಬರದೇ ಇರೋ ಜಾಗದಲ್ಲಿ ನಿಮ್ಮ ಸಾಫ್ಟ್‌ವೇರ್ ತಾನೇ ಸೊನ್ನೆ ತುಂಬಿದೆ. ಫೋನ್ ಎತ್ತದವರೆಲ್ಲ ಕ್ಷೇಮವಾಗಿದ್ದಾರೆ ಅಂದ ಹಾಗಾಯ್ತು.”

“ನಿಮ್ಮದೇ ಸಮೀಕ್ಷೆ ಪ್ರಕಾರ ಅಲ್ಲಿ ಸಿಗ್ನಲ್ ಚೆನ್ನಾಗಿದೆಯಲ್ಲ.”

ಈ ಮಾತು ಅವರು ಆಡಿದ್ದು ಹೌದು. ಇದಕ್ಕೆ ನಜೀರ್ ಸಾಕ್ಷಿ, ಬಾಗಿಲಲ್ಲಿ ನಿಂತಿದ್ದರು. ಬಗ್ಗಿ ಕೂತು ತೆಗೆದ ನನ್ನ ಸಾಚಾ ಚುಕ್ಕಿಗಳನ್ನು ಹೆಂಗಸೊಬ್ಬಳ ಮಾತನ್ನು ಸುಳ್ಳು ಮಾಡಲು ಬಳಸಿದರು. ಕಾಫಿ ಬರುವ ಮೊದಲೇ ಹೊರಟೆ.

ಪೆಟ್ಟಿಗೆಯೊಳಗೆ ಏನಾದರೂ ಉಳಿದಿರುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಬ್ಯಾಟರಿ ಉಳಿಸಲೆಂದು ಅದಕ್ಕೆ ನೆನಪು ಇಟ್ಟಿರಲಿಲ್ಲ. ಅದು ಹಿಡಿಯುತ್ತದೆ, ಹೇಳುತ್ತದೆ, ಮರೆಯುತ್ತದೆ. ಹೇಳಿದ್ದು ಯಾರಿಗಾದರೂ ಕೇಳಿತೇ ಎಂದು ಕಾಯುವುದಿಲ್ಲ.

ಆ ವಲಯಕ್ಕೆ ಆಗಷ್ಟೇ ಬಂದಿದ್ದ ಅರಣ್ಯಾಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಲಾಖೆಯ ವರದಿಯಲ್ಲಿ ಆಕೆ ಬರೆದರೆ ಆನೆ ಇತ್ತು, ಇಲ್ಲದಿದ್ದರೆ ಇಲ್ಲ. ನಾನು ಎಲೆ, ನೀರು, ಅಲೆ ಎಂದು ವಿವರಿಸುತ್ತಾ ಹೋದೆ. ಆಕೆ ಕೈ ಅಡ್ಡ ಹಿಡಿದಳು. “ಮೇಡಂ, ನೀವು ಹೇಳೋದು ಸರಿ ಇರಬಹುದು, ಅವರು ಹೇಳೋದೂ ಸರಿ ಇರಬಹುದು. ನನ್ನ ಕಣ್ಣಿಗೆ ತೋರಿಸಿ, ಬರೀತೀನಿ.”

ತೋರಿಸಿದೆವು. ದೊಡ್ಡತಾಯಮ್ಮ ಮನೆಗೆ ಬಂದಿದ್ದಳು. ಅವಳ ಮನೆಯ ಬಾಗಿಲಿಗೆ ದೀಪದ ಕಂಬ ಎದುರು. ಹೊರಸಿನ ಮೇಲೆ ಕಾಲು ಚಾಚಿಕೊಂಡು ಕೂತಳು. ಅವಳು ಜಾರಿ ಬಿದ್ದಳು ಎಂದು ಆಡಿಕೊಂಡವರೂ ಛತ್ರಿ ಹಿಡಿದು ಬಂದು ನಿಂತರು. ಅಧಿಕಾರಿ ಕಂಬದ ಕೆಳಗೆ ನಿಂತಳು. ನಜೀರ್ ಹಳೆಯ ಅಟ್ಟಣೆಯ ಇಬ್ಬರು ಕಾವಲುಗಾರರ ಜೊತೆ ತೇಗದ ದಿಮ್ಮಿ ಹೊತ್ತು ತಿರುವಿನ ಆಚೆಯ ಪೆಟ್ಟಿಗೆಯ ಬಳಿಗೆ ಹೋದರು. ಪೆಟ್ಟಿಗೆ ಅದುರು ಹಿಡಿದರೆ ಅದರ ಮೈಮೇಲೆಯೇ ಒಂದು ಪುಟ್ಟ ಬೆಳಕು ಮಿಟುಕುತ್ತದೆ. ಇಲಾಖೆಯ ವಾಕಿಟಾಕಿ ಬೇರೆ ಬಗೆಯ ಅಲೆಯದು, ಎಲೆಗಳ ನಡುವೆಯೂ ಕೇಳುತ್ತದೆ. ಜಿನುಗು ಮಳೆ. ತೇಗದೆಲೆಗಳ ಮೇಲೆ ಅದು ಬೀಳುವ ಸದ್ದು ಅಲ್ಲಿವರೆಗೂ ಬರುತ್ತಿತ್ತು. ಬರುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ವಾಕಿಟಾಕಿಯಲ್ಲಿ ನಜೀರ್ ದನಿ ಬಂತು. “ಮೇಡಂ, ಆನೆ ರೆಡಿ. ದಿಮ್ಮಿ ಎತ್ತಿ ಹಾಕ್ತಾ ಇದೀವಿ.”

ಧಡ್ ಎಂದು ವಾಕಿಟಾಕಿಯಲ್ಲೇ ಕೇಳಿತು. ಮತ್ತೆ ಧಡ್.

“ಇಲ್ಲಿ ಪೆಟ್ಟಿಗೆ ಮಿಟುಕ್ತಾ ಇದೆ. ಅಲ್ಲಿ ದೀಪ ಬಂತಾ?”

ಅಧಿಕಾರಿ ತಲೆಯೆತ್ತಿದಳು. ಎಲ್ಲರೂ ತಲೆಯೆತ್ತಿದರು. ಕತ್ತಲೆ.

“ಇಲ್ಲ ನಜೀರ್.”

“ತಡೀರಿ, ಇನ್ನೂ ದೊಡ್ಡ ಆನೆ ತರ್ತೀವಿ.” ಧಡ್, ಧಡ್, ಧಡ್. ಜೊತೆಗೆ ಏದುಸಿರು. “ಮೇಡಂ, ನಾನೇ ಕುಣೀತಾ ಇದೀನಿ ಈಗ. ಪೆಟ್ಟಿಗೆ ಕುಣಿದು ಕುಣಿದು ಮಿಟುಕ್ತಾ ಇದೆ. ಬಂತಾ?”

“ಇಲ್ಲ.”

ಅಧಿಕಾರಿ ಮೈಸೂರಿನ ಕಚೇರಿಗೆ ಫೋನ್ ಮಾಡಿ ಪರದೆಯಲ್ಲಿ ಏನಿದೆ ಎಂದು ಕೇಳಿದಳು. ಆ ಕಡೆಯಿಂದ ಎಳೆಯ ದನಿ ಹೇಳಿತು, ಬಹುಶಃ ನಿಮ್ಮಲ್ಲೇ ಒಬ್ಬರದು, “ಆನೆ ಇಲ್ಲ ಮೇಡಂ. ಸೊನ್ನೆ ತೋರಿಸ್ತಾ ಇದೆ. ಎಲ್ಲ ಸೇಫ್.”

ಆಕೆ ಫೋನ್ ಇಟ್ಟಳು. ಅಲ್ಲೇ ಜಗಲಿಯ ಮೇಲೆ ಕೂತು, ಆ ಮುಂಜಾನೆ ತಿರುವಿನಲ್ಲಿ ಆನೆ ಇತ್ತು, ಎಚ್ಚರಿಕೆ ದೀಪ ಕೆಲಸ ಮಾಡುತ್ತಿರಲಿಲ್ಲ ಎಂದು ಬರೆದು, ದೊಡ್ಡತಾಯಮ್ಮನಿಗೆ ಓದಿ ಹೇಳಿದಳು. ಅವಳು ಕಣ್ಣೀರು ಹಾಕುತ್ತಾಳೆ, ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು.

“ಇದನ್ನೇ ತಾನೆ ನಾನು ಮೊದ್ಲೇ ಏಳಿದ್ದು? ನನ್ನ ಮಾತು ಸಾಲ್ನಿಲ್ವಾ ನಿಮಗೆ? ಆ ವಯಸ್ಸಾದ ಮನುಸ ಮಳೇಲಿ ಕುಣೀಬೇಕಾಯ್ತಾ?”

ಅಧಿಕಾರಿ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ. ಇದು ನೆನಪಿದೆ, ನಜೀರ್ ಸಾಕ್ಷಿ ಬೇಕಿಲ್ಲ.

ಕಾಡಿನಿಂದ ಒದ್ದೆಯಾಗಿ ಬಂದ ನಜೀರ್ ಸುಮ್ಮನೆ ಏಣಿ ಕೇಳಿದರು. ಯಾರದೋ ಮನೆಯಿಂದ ಖಾಲಿ ಗೊಬ್ಬರದ ಚೀಲ ತರಿಸಿದರು. ಕಂಬ ಹತ್ತಿ ದೀಪಕ್ಕೆ ಚೀಲ ಹೊದಿಸಿ ಹುರಿಯಿಂದ ಬಿಗಿದು ಕಟ್ಟಿದರು. ಕತ್ತಲೆ ನೋಡಿ ಯಾರೂ ಮತ್ತೆ ಹೊರಡಬಾರದಲ್ಲ. ಅಧಿಕಾರಿ ಬೇರೆ ಕಡೆ ನೋಡುತ್ತಾ ನಿಂತಿದ್ದಳು. ಅಟ್ಟಣೆ ಮರಳಿ ಬಂದಿದೆ, ‘ತಾತ್ಕಾಲಿಕ’ ಎಂಬ ಹೆಸರಿನಲ್ಲಿ. ದೊಡ್ಡತಾಯಮ್ಮ ಕೋಲೂರಿಕೊಂಡು ತಿರುವಿನವರೆಗೆ ಬಂದು ‘ಊ’ ಎನ್ನುತ್ತಾಳಂತೆ, ಓಗೊಟ್ಟರೂ ಒಂದೊಂದು ಸಲ ಇನ್ನೊಮ್ಮೆ ಕೂಗಿ ಕೇಳುತ್ತಾಳಂತೆ.

ನಿಮ್ಮ ಗೋಡೆಯ ಮೇಲೆ ನಕ್ಷೆ ಇನ್ನೂ ಇದೆ. ನಾವು ಹೊಸಬರು, ಅದನ್ನು ಇಳಿಸುವ ಅಧಿಕಾರ ನಮಗಿಲ್ಲ ಎಂದು ಹೇಳುತ್ತೀರಿ, ನನಗೆ ಗೊತ್ತು. ಇಳಿಸಬೇಡಿ. ಒಂದು ಗೊಬ್ಬರದ ಚೀಲ ತಂದು ಹೊದಿಸಿ. ನಿಮ್ಮಲ್ಲಿ ಇಲ್ಲದಿದ್ದರೆ ಲಷ್ಕರ್ ಮೊಹಲ್ಲಾಕ್ಕೆ ಹೋಗಿ ನಜೀರ್ ಅವರನ್ನು ಕೇಳಿ. ಅವರು ಹುರಿಯನ್ನೂ ಕೊಡುತ್ತಾರೆ.